ಫರಸಿ ಕೆಳಗಿನ ಹಿತ್ತಲ

ಭಾಗ 1/10: ಎರಡು ಶಬ್ದಗಳ ಕಥೆ

ತಾಳಿಕೋಟೆಯ ಯಾವುದೇ ಹಳೆ ಓಣಿಗೆ ಹೋಗ್ರಿ. ಮನೆ ಮುಂದ ಕಟ್ಟಿ, ಒಳಗ ಪಡಸಾಲಿ, ಹಿಂದ ಹಿತ್ತಲ. ಮೂರೂ ಕಡೆ ಕಾಲಿಗೆ ಸಿಗೋದು ಒಂದೇ ಬೂದಿ ಬಣ್ಣದ ಕಲ್ಲು. ಅದಕ್ಕ ನಾವು ಫರಸಿ ಅಂತೀವಿ. ಈ ಶಬ್ದ ನಮ್ಮದಲ್ಲ. ಅರಬ್ಬಿ ಮೂಲದ ‘ಫರ್ಶ್’, ಪಾರ್ಸಿ-ಉರ್ದು ದಾರಿಯಿಂದ ನಮ್ಮ ಕಡೆ ಬಂದದ್ದು. ಅರ್ಥ ‘ನೆಲಕ್ಕೆ ಹಾಸಿದ್ದು’. ಅಚ್ಚಗನ್ನಡದ ‘ಹಾಸುಗಲ್ಲು’ ಅನ್ನೋದೂ ಅದೇ ಅರ್ಥ. ಎರಡು ಭಾಷೆ, ಆದ್ರ ಕಲ್ಲನ್ನು ನೋಡಿದ ಕಣ್ಣು ಒಂದೇ. ಎರಡೂ ಅದನ್ನ ಹಾಸಿಗೆ ಹಾಗೆ ಹಾಸುವ ವಸ್ತು ಅಂತ ಕಂಡವು.

ಇನ್ನೊಂದು ಶಬ್ದ ‘ಬಾಗ್’. ಪಾರ್ಸಿಯಲ್ಲಿ ತೋಟ. ತೋಟ ನೋಡಿಕೊಳ್ಳುವವ ಬಾಗವಾನ. ನಮ್ಮ ಜಿಲ್ಲೆಯೊಳಗ ಹಣ್ಣು, ಕಾಯಿಪಲ್ಯ ಮಾರುವ ಎಷ್ಟೋ ಮನೆತನಗಳ ಅಡ್ಡಹೆಸರು ಇದೇ. ನಿಮ್ಮ ಕ್ಲಾಸಿನ ಹಾಜರಿ ಪುಸ್ತಕದಾಗೂ ಒಬ್ಬರಾದರೂ ಸಿಗ್ತಾರ. ಹೊಲದ ಕಾಗದದಾಗ ‘ಬಾಗಾಯತ’ ಅಂತ ಬರೀತಾರಲ್ಲ, ಅದೂ ಇದೇ ಶಬ್ದದ ಮಗು. ನೀರಿನ ಆಸರೆ ಇರುವ ತೋಟದ ಭೂಮಿಗೆ ಬಾಗಾಯತ, ಮಳೆ ನಂಬಿದ ಭೂಮಿಗೆ ಖುಷ್ಕಿ. ಅಂದ್ರ ಹಳೆ ಲೆಕ್ಕದವರಿಗೆ ತೋಟ ಅಂದ್ರ ಮೊದಲು ನೀರು, ಆಮೇಲೆ ಗಿಡ. ಇದನ್ನ ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

ಈ ಸರಣಿ ಒಂದು ಪ್ರಶ್ನೆ ಮೇಲೆ ನಿಂತೈತಿ. ಮಣ್ಣಿನ ಹಿತ್ತಲ ಕಲ್ಲಿನ ಹಿತ್ತಲ ಹೆಂಗಾಯ್ತು? ಕಲ್ಲು ಹಾಸಿದ ಹಿತ್ತಲವನ್ನ ಮತ್ತೆ ತೋಟ ಮಾಡಬೇಕಂದ್ರ ನಮ್ಮ ನೆಲದ ಇತಿಹಾಸ ಏನು ಹೇಳ್ತದ? ನಮ್ಮ ಮನೆಯಾಗ ಇದು ಬರೇ ಓದುವ ವಿಷಯ ಅಲ್ಲ. ಹಿತ್ತಲದ ಫರಸಿ ಅಲ್ಲಲ್ಲಿ ಎದ್ದೈತಿ, ಅಲ್ಲಲ್ಲಿ ಕುಸಿದೈತಿ. ಅದರ ಮೇಲೆ ಕಾಂಕ್ರೀಟ್ ಹಾಕೋಣ ಅಂತ ಅಪ್ಪ ಅಂತಾರ. ಕಲ್ಲು ತೆಗೆದು ಗಿಡ ಹಚ್ಚೋಣ ಅಂತ ಆಯಿ, ಅಂದ್ರ ಅಪ್ಪನ ಅವ್ವ, ಅಂತಾಳ. ಮಳೆಗಾಲ ಬರೋದ್ರೊಳಗ ಒಂದು ತೀರ್ಮಾನ ಆಗಬೇಕು.

ಭಾಗ 2/10: ಕಲ್ಲು ಎಲ್ಲಿಂದ ಬಂತು

ತಾಳಿಕೋಟೆ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು 1565ರ ಜನವರಿ 23. ವಿಜಯನಗರಕ್ಕೂ ದಖನ್ನಿನ ಸುಲ್ತಾನರಿಗೂ ನಡೆದ ಯುದ್ಧ. ಸುಲ್ತಾನರ ಸೈನ್ಯಗಳು ನಮ್ಮೂರ ಹತ್ತಿರ ಕೂಡಿದವು, ಕಾದಾಟ ನಡೆದದ್ದು ಕೃಷ್ಣೆ ದಾಟಿದ ಮೇಲೆ. ಅದಕ್ಕೇ ರಕ್ಕಸಗಿ-ತಂಗಡಗಿ ಯುದ್ಧ ಅಂತಲೂ ಕರೀತಾರ. ಒಂದು ದಿನದ ಯುದ್ಧಕ್ಕೆ ನಮ್ಮೂರು ಹೆಸರು ಕೊಟ್ಟಿತು. ಆದ್ರ ನಮ್ಮೂರಿನ ಕಾಲ ಕೆಳಗಿನ ಇತಿಹಾಸ ಅದಕ್ಕಿಂತ ಬಹಳ ಹಳೇದು.

ನಮ್ಮ ಸುತ್ತಮುತ್ತಲಿನ ಸುಣ್ಣದಕಲ್ಲನ್ನು ಭೂವಿಜ್ಞಾನಿಗಳು ಭೀಮಾ ಕೊಳ್ಳದ ಕಲ್ಲು ಅಂತ ಗುರುತಿಸ್ತಾರ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳ ಇಲ್ಲದ ಸಮುದ್ರ ಇತ್ತು. ಅದರ ತಳದಾಗ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯ್ತು. ಪದರ ಇರೋದ್ರಿಂದಲೇ ಈ ಕಲ್ಲು ರೊಟ್ಟಿ ಪದರ ಬಿಚ್ಚಿದ ಹಾಗೆ ಏಳ್ತದ. ಹಾರಿ, ಉಳಿ, ಸುತ್ತಿಗೆ ಇದ್ದರ ಸಾಕು, ಕೆಲವೇ ಇಂಚು ದಪ್ಪದ ಸಪಾಟಾದ ಹಾಸು ಕೈಗೆ ಬರ್ತದ. ಇದೇ ಕಲ್ಲಿನ ಪಟ್ಟಿ ಪೂರ್ವಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದ್ ತನಕ, ಅದನ್ನ ದಾಟಿ ತೆಲಂಗಾಣದ ತಾಂಡೂರು ತನಕ ಹೋಗ್ತದ. ಅಲ್ಲಿ ಅದಕ್ಕೆ ಶಹಾಬಾದ್ ಕಲ್ಲು, ತಾಂಡೂರು ಕಲ್ಲು ಅಂತ ಹೆಸರು.

ವಿಜಯಪುರ ನಗರದ ಕಡೆ ಹೋದ್ರ ನೆಲ ಬದಲಾಗ್ತದ. ಅಲ್ಲಿರೋದು ಜ್ವಾಲಾಮುಖಿಯಿಂದ ಬಂದ ಕಪ್ಪು ಕಲ್ಲು. ಗೋಳಗುಮ್ಮಟ ಕಟ್ಟಿದ್ದು ಅದರಿಂದ. ಒಂದೇ ಜಿಲ್ಲೆ, ಎರಡು ನೆಲ.

ಇನ್ನೊಂದು ಮಾತು. ಸುಣ್ಣದಕಲ್ಲನ್ನು ಹಾಗೇ ಹಾಸಿದ್ರ ಫರಸಿ, ಭಟ್ಟಿಯಾಗ ಸುಟ್ಟರ ಸುಣ್ಣ, ಜೇಡಿಮಣ್ಣಿನ ಜೊತೆ ಅರೆದು ಸುಟ್ಟು ಪುಡಿ ಮಾಡಿದ್ರ ಸಿಮೆಂಟ್. ವಾಡಿ, ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದು ಇದೇ ಕಲ್ಲಿನ ಸಲುವಾಗಿ. ಹಂಗಾಗಿ ಫರಸಿ ಮೇಲೆ ಕಾಂಕ್ರೀಟ್ ಸುರಿಯೋದು ಅಂದ್ರ ಒಂದೇ ಕಲ್ಲನ್ನು ಎರಡು ಸಲ ಹಾಸಿದಂಗ.

ಭಾಗ 3/10: ಕಲ್ಲಿಗಿಂತ ಮೊದಲು

ಹಿತ್ತಲ ಅಂದ್ರ ಖಾಲಿ ಜಾಗ ಅಂತ ನಾವು ತಿಳಿದೀವಿ. ಹಿಂದಿನವರಿಗೆ ಅದು ಮನೆಯ ದುಡಿಯುವ ಕೋಣೆ. ದನ ಕಟ್ಟೋದು ಅಲ್ಲೇ, ತಿಪ್ಪಿ ಹತ್ತಿರದಾಗ, ಬಚ್ಚಲ ನೀರು ಹರಿಯೋದೂ ಅಲ್ಲಿಗೇ. ಆ ನೀರು ಗಟಾರಕ್ಕೆ ಹೋಗ್ತಿರಲಿಲ್ಲ. ಬಾಳೆ, ಕೆಸು, ಹೀರೆ ಬಳ್ಳಿ ಕುಡೀತಿದ್ವು. ಸಗಣಿ, ಬೂದಿ, ಕಾಯಿಪಲ್ಯದ ಸಿಪ್ಪೆ ಎಲ್ಲಾ ತಿಪ್ಪಿಗೆ ಹೋಗಿ, ಗೊಬ್ಬರ ಆಗಿ ಹೊಲಕ್ಕೆ ಹೋಗ್ತಿತ್ತು. ಮನೆಯಿಂದ ಹೊರಗ ಬಿದ್ದದ್ದು ಬಹುತೇಕ ಮತ್ತೆ ಮನೆಗೇ ಬರ್ತಿತ್ತು.

ನಾ ಬಿಕಾಂ ವಿದ್ಯಾರ್ಥಿ, ಅದಕ್ಕ ಇದನ್ನ ಲೆಕ್ಕದ ಕಣ್ಣಿಂದ ನೋಡ್ತೀನಿ. ಪುಂಡಿಪಲ್ಯ, ರಾಜಗಿರಿ, ಮೆಂತ್ಯ, ನುಗ್ಗೆಸೊಪ್ಪು, ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ. ಇವಕ್ಕೆಲ್ಲ ಸಂತಿಗೆ ರೊಕ್ಕ ಒಯ್ಯಬೇಕಾಗಿರಲಿಲ್ಲ. ಯಾವ ಖಾತೆ ಪುಸ್ತಕದಾಗೂ ಬರೆಯದ ಈ ಆದಾಯವನ್ನ ನೋಡಿಕೊಂಡವರು ಹೆಣ್ಣುಮಕ್ಕಳು. ಬರೆದಿಲ್ಲ ಅಂತ ಅದು ಇರಲಿಲ್ಲ ಅಂತಲ್ಲ. ಹಿತ್ತಲಕ್ಕೆ ಕಲ್ಲು ಬಿದ್ದ ದಿನ ಆ ಆದಾಯ ನಿಂತಿತು, ಅದನ್ನೂ ಯಾರೂ ಬರೀಲಿಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಹತ್ತಿರ ಇದ್ದದ್ದರ ಬೆಲೆ ತಿಳಿಯೋದಿಲ್ಲ ಅಂತ ಅದರ ಅರ್ಥ. ಆದ್ರ ಗಾದೆ ಹುಟ್ಟಬೇಕಾದ್ರ ಹಿತ್ತಲದಾಗ ಮದ್ದಿನ ಗಿಡ ಇರಲೇಬೇಕಲ್ಲ. ತುಳಸಿ, ಆಡುಸೋಗೆ, ಲೋಳೆಸರ, ದೊಡ್ಡಪತ್ರೆ ಇದ್ದ ಕಾಲದ ಗಾದೆ ಅದು. ಈಗ ನಮಗ ಗಾದೆ ಉಳಿದೈತಿ, ಗಿಡ ಹೋಗ್ಯಾವ.

ನಮ್ಮ ಆಯಿ ಹೇಳುವ ಪ್ರಕಾರ ನಮ್ಮ ಹಿತ್ತಲದಾಗ ಒಂದು ನುಗ್ಗೆ, ಒಂದು ಪೇರಲ, ಬಚ್ಚಲ ಪಕ್ಕ ಬಾಳೆ, ಗ್ವಾಡಿ ಮೇಲೆ ಅವರೆ ಬಳ್ಳಿ ಇತ್ತು. ಯಾವ ಗಿಡ ಎಲ್ಲಿತ್ತು ಅಂತ ಇವತ್ತಿಗೂ ಕೋಲು ತೋರಿಸಿ ಹೇಳ್ತಾಳ. ತೋರಿಸೋದು ಕಲ್ಲನ್ನೇ.

ಭಾಗ 4/10: ಹಾಗಾದ್ರ ಕಲ್ಲು ಯಾಕ ಹಾಸಿದ್ರು?

‘ಹಿಂದಿನವರಿಗೆ ಗಿಡದ ಬೆಲೆ ಗೊತ್ತಿರಲಿಲ್ಲ’ ಅಂತ ಹೇಳಿ ಮುಗಿಸಬಹುದು. ಅದು ಸುಳ್ಳು. ಕಲ್ಲು ಹಾಸಿದವರಿಗೆ ಗಟ್ಟಿ ಕಾರಣ ಇದ್ದವು.

ಮೊದಲನೇದು ಎರಿ ಮಣ್ಣು. ಡೋಣಿ ಸಾಲಿನ ಕಪ್ಪು ಮಣ್ಣು ನೋಡಿದವರಿಗೆ ಗೊತ್ತು. ಮಳೆಗೆ ಉಬ್ಬಿ ಅಂಟಿನ ಹಾಗೆ ಕಾಲಿಗೆ ಹತ್ತತದ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಿತದ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಅಂತ ಹೊಗಳಿಸಿಕೊಂಡ ಮಣ್ಣು ಹೊಲಕ್ಕೆ ಬಂಗಾರ, ಮನೆ ಅಂಗಳಕ್ಕೆ ತ್ರಾಸು. ಮಳೆಗಾಲದಾಗ ಬಚ್ಚಲಕ್ಕೆ ಹೋಗಿ ಬಂದ್ರ ಪಡಸಾಲಿ ತುಂಬಾ ಕೆಸರು.

ಎರಡನೇದು ಹಾವು, ಚೇಳು. ಕತ್ತಲಾಗ ಹಿತ್ತಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಕಾಲು ಇಡುವ ಜಾಗ ಕಾಣಬೇಕಿತ್ತು. ಮೂರನೇದು ಕಾಳು. ಜೋಳ, ಮೆಣಸಿನಕಾಯಿ, ಹಪ್ಪಳ, ಶಾವಿಗೆ ಒಣಗಿಸಲಿಕ್ಕೆ ಸ್ವಚ್ಛ, ಬಿಸಿ ನೆಲ ಬೇಕು. ಫರಸಿಗಿಂತ ಒಳ್ಳೆ ನೆಲ ಇಲ್ಲ. ನಾಲ್ಕನೇದು ಮರ್ಯಾದೆ. ಮನೆಗೆ ಫರಸಿ ಹಾಕಿಸ್ಯಾರ ಅಂದ್ರ ಒಂದು ಮೆಟ್ಟಿಲು ಮೇಲೆ ಹೋದಂಗ. ನಮ್ಮ ಹಿತ್ತಲಕ್ಕೆ ಕಲ್ಲು ಬಿದ್ದದ್ದು ಕಾಕಾನ ಮದುವೆ ಸಲುವಾಗಿ. ಊಟದ ಪಂಕ್ತಿ ಕೂಡಿಸಲಿಕ್ಕೆ ಜಾಗ ಬೇಕಿತ್ತು.

ಈ ಕಾರಣಗಳನ್ನ ಒಂದೊಂದಾಗಿ ಇವತ್ತಿನ ಮನೆಗೆ ಇಟ್ಟು ನೋಡ್ರಿ. ದನ ಇಲ್ಲ. ಜೋಳ ಚೀಲದಾಗ ಬರ್ತದ. ಶಾವಿಗೆ ಮಾಳಿಗೆ ಮೇಲೆ ಒಣಗತದ. ಮದುವೆಗೆ ಕಲ್ಯಾಣ ಮಂಟಪ. ಲೈಟ್ ಐತಿ. ಉಳಿದದ್ದು ಕೆಸರು ಮತ್ತು ಚೇಳಿನ ಅಂಜಿಕೆ. ಇವೆರಡೂ ಖರೇ. ಇವಕ್ಕೆ ಉತ್ತರ ಕೊಡದೆ ಅಪ್ಪನಿಗೆ ‘ಕಲ್ಲು ತೆಗೀರಿ’ ಅಂತ ಹೇಳಲಿಕ್ಕೆ ಬರೋದಿಲ್ಲ. ಆ ಉತ್ತರ ಭಾಗ 9ರಲ್ಲಿ. ಅದಕ್ಕಿಂತ ಮೊದಲು ನಮ್ಮ ಜಿಲ್ಲೆಯೊಳಗ ಕಲ್ಲು ಮತ್ತು ತೋಟ ಒಟ್ಟಿಗೆ ಬಾಳಿದ ಒಂದು ಕಾಲ ನೋಡೋಣ.

ಭಾಗ 5/10: ಆದಿಲ್ ಶಾಹಿಗಳ ನೀರು

1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಅವ ಬರೆದಿಟ್ಟ ವಿವರದಾಗ ಅಲ್ಲಿಯ ದೊಡ್ಡ ಬಜಾರ್ ಬರ್ತದ. ಪ್ರತಿ ಅಂಗಡಿ ಮುಂದ ಒಂದು ಹಸಿರು ಮರ ಇತ್ತು, ಬಜಾರ್ ಬಹಳ ಸ್ವಚ್ಛ ಇತ್ತು ಅಂತ ಹೇಳ್ಯಾನ. ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರುವ ಕಪ್ಪು ಕಲ್ಲಿನ ಊರಾಗ ಅಂಗಡಿಗೊಂದು ಮರ! ಹೆಂಗ ಸಾಧ್ಯ ಆಯ್ತು?

ಉತ್ತರ ನೆಲದ ಕೆಳಗ ಐತಿ. ನಗರದ ಪಶ್ಚಿಮಕ್ಕೆ ಇರುವ ತೊರವಿಯಿಂದ ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ಬಿಟ್ಟು, ಇಳಿಜಾರಿನ ಬಲದಿಂದಲೇ ನೀರು ತಂದರು. ಇರಾನ್ ಕಡೆಯ ಕರೇಜ್ ವಿದ್ಯೆ ಇದು, ಬೀದರದಾಗೂ ಐತಿ. ತೊರವಿಯ ಸುರಂಗ ಬಾವಡಿಯನ್ನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿ ಪಟ್ಟಿಗೆ ಸೇರಿಸಿತು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆ ಕೂಡಿಸಿ, ಸುತ್ತ ಗಾರೆ ಕಟ್ಟಿ ನೆಲದಾಳದಾಗ ನೀರು ತಂದರು. ದಾರಿಯಾಗ ಗಂಜ್ ಅನ್ನುವ ಎತ್ತರದ ನೀರಿನ ಗೋಪುರ ಕಟ್ಟಿದರು. ನೀರಿನ ಒತ್ತಡ ಕಮ್ಮಿ ಮಾಡಿ ಕೊಳವೆ ಒಡೀದಂಗ ನೋಡೋದು, ರಾಡಿ ಕೆಳಗ ಕೂಡುವಂಗ ಮಾಡೋದು ಅದರ ಕೆಲಸ. ಈಗಲೂ ಕೆಲವು ಗಂಜ್ ನಗರದಾಗ ನಿಂತಾವ. ಇವುಗಳ ಜೊತೆಗೆ 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ.

ಈ ನೀರು ಬಂದ ಮೇಲೆ ಕಲ್ಲಿನ ಅಂಗಳದ ನಡುವೆ ಹೌದು ಬಂತು, ಕಾರಂಜಿ ಬಂತು. ಇಬ್ರಾಹಿಂ ರೋಜಾದಾಗ ಗೋರಿಗೂ ಮಸೀದಿಗೂ ನಡುವೆ ಅದೇ ಇರೋದು. ವಿಜಯಪುರದಿಂದ ಪೂರ್ವಕ್ಕೆ ಸುಮಾರು 16 ಕಿಲೋಮೀಟರ್ ದೂರದ ಕುಮಟಗಿಗೆ ಹೋಗಿ ನೋಡ್ರಿ. ಕೆರೆ ಪಕ್ಕದ ಬ್ಯಾಸಗಿ ಅರಮನೆ. ಎತ್ತರದ ತೊಟ್ಟಿಗೆ ನೀರು ಏರಿಸಿ, ಕೊಳವೆಯಿಂದ ಛತ್ತಿನೊಳಗ ಹಾಯಿಸಿ, ಮೇಲಿಂದ ತುಂತುರು ಬೀಳುವಂಗ ಮಾಡ್ಯಾರ. ನಮ್ಮ ಬಿಸಿಲಿಗೆ ಅವರು ಕಂಡುಕೊಂಡ ಉಪಾಯ ಅದು.

ಇನ್ನೊಂದು ದಡದ ಮಾತೂ ಹೇಳಬೇಕು. 1565ರಲ್ಲಿ ಸೋತ ವಿಜಯನಗರವೂ ಇದೇ ಕೆಲಸ ಮಾಡಿತ್ತು. ಹಂಪಿಯಾಗ ಕಲ್ಲಿನ ಕಾಲುವೆ ಅರಮನೆ ಆವರಣದ ತನಕ ನೀರು ಒಯ್ದದ್ದನ್ನ ಈಗಲೂ ನೋಡಬಹುದು. ಗೆದ್ದವರು, ಸೋತವರು ಇಬ್ಬರೂ ಕಲ್ಲನ್ನ ನೀರಿನ ದಾರಿಯಾಗಿ ಬಳಸಿದರು.

ಭಾಗ 6/10: ತೋಟ ಹೋಯ್ತು, ಕಲ್ಲು ಉಳಿತು

1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬ ಬಿಜಾಪುರ ಗೆದ್ದ. ಒಂದೆರಡು ವರ್ಷದಾಗ ಪ್ಲೇಗ್ ಬಂತು. ರಾಜಧಾನಿ ಅನ್ನುವ ಸ್ಥಾನ ಹೋಯ್ತು, ಜನ ಕಮ್ಮಿ ಆದರು. ಯಾರೂ ಬಂದು ‘ತೋಟ ಕಡೀರಿ’ ಅಂತ ಆಜ್ಞೆ ಮಾಡಬೇಕಾಗಿರಲಿಲ್ಲ. ಸುರಂಗದ ಹೂಳು ತೆಗೆಯುವವರು ಇಲ್ಲ, ಒಡೆದ ಕೊಳವೆ ಕೂಡಿಸುವವರು ಇಲ್ಲ ಅಂದ್ರ ಸಾಕು. ಬಾಗ್ ಎಷ್ಟೇ ದೊಡ್ಡದಿರಲಿ, ಒಂದು ಬ್ಯಾಸಗಿ ನೀರು ತಪ್ಪಿದ್ರ ಒಣಗತದ. ಗುಮ್ಮಟ ಮುನ್ನೂರು ಬ್ಯಾಸಗಿ ನಿಲ್ಲತದ.

ಅದಕ್ಕೇ ಇವತ್ತು ಆದಿಲ್ ಶಾಹಿ ಅಂದ್ರ ನಮಗ ಕಟ್ಟಡ ಮಾತ್ರ ನೆನಪಾಗ್ತದ. ಪ್ರವಾಸಕ್ಕೆ ಹೋದವರು ಗೋಳಗುಮ್ಮಟದ ಪಿಸುಗುಡುವ ಗ್ಯಾಲರಿ ವಿಡಿಯೋ ಹಾಕ್ತೀವಿ, ಗಂಜ್ ಮುಂದ ಯಾರೂ ನಿಲ್ಲೋದಿಲ್ಲ. ಅಸದ್ ಬೇಗ್ ನೋಡಿದ ಮರಗಳ ಜಾಗ ತೋರಿಸುವವರು ಯಾರೂ ಇಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷರು ಹಳೆ ಕಟ್ಟಡಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಈಗ ಸ್ಮಾರಕಗಳ ಸುತ್ತ ನಾವು ಫೋಟೋ ತೆಗೆಸಿಕೊಳ್ಳುವ ಹುಲ್ಲಿನ ಹಾಸು ಆದಿಲ್ ಶಾಹಿಗಳದ್ದಲ್ಲ, ಪುರಾತತ್ವ ಇಲಾಖೆ ಬೆಳೆಸಿದ್ದು. ಅದೂ ದಿನಾ ನೀರು ಹಾಯಿಸಿದ್ದಕ್ಕ ಉಳಿದೈತಿ.

ನನಗ ಇದರಿಂದ ತಿಳಿದದ್ದು ಇಷ್ಟು. ತೋಟದ ಇತಿಹಾಸ ಅಂದ್ರ ಗಿಡದ ಇತಿಹಾಸ ಅಲ್ಲ, ನೀರಿನ ದಾರಿ ನೋಡಿಕೊಂಡವರ ಇತಿಹಾಸ. ಗೋಳಗುಮ್ಮಟ ಕಟ್ಟಿಸಿದವನ ಹೆಸರು ನಮಗ ಗೊತ್ತು. ಸುರಂಗಕ್ಕೆ ಇಳಿದು ಹೂಳು ತೆಗೆದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಅವರು ಕೆಲಸ ನಿಲ್ಲಿಸಿದ ದಿನ ಊರು ಒಣಗಲಿಕ್ಕೆ ಶುರುವಾಯ್ತು. ನಮ್ಮ ಹಿತ್ತಲದಾಗ ಆದದ್ದೂ ಇದೇ, ಸಣ್ಣ ಅಳತೆಯಾಗ. ಬಚ್ಚಲ ನೀರು ಬಾಳೆಗೆ ಹೋಗೋದು ತಪ್ಪಿ ಗಟಾರಕ್ಕೆ ತಿರುಗಿತು. ಪೇರಲ ಒಣಗಿದ್ದು ಆಮೇಲೆ.

ಭಾಗ 7/10: ಆಲಮಟ್ಟಿ, ಮತ್ತು ಅದರ ಬೆಲೆ

ಕಲ್ಲಿನ ನೆಲವನ್ನ ತೋಟ ಮಾಡಿದ ಉದಾಹರಣೆ ನಮ್ಮ ಕಾಲದಾಗ ಐತೇನು ಅಂದ್ರ, ಐತಿ. ಆಲಮಟ್ಟಿ. ಶಾಲೆ ಟ್ರಿಪ್ಪಿಗೆ ಎಲ್ಲರೂ ಹೋಗಿದ್ದೀವಿ. ರಾಕ್ ಗಾರ್ಡನ್, ಮೊಘಲ್ ಗಾರ್ಡನ್, ಸಂಗೀತ ಕಾರಂಜಿ. ಕಲ್ಲುಗುಡ್ಡದ ಪಕ್ಕ ಇಷ್ಟು ಹಸಿರು ನೋಡಿ ಸಣ್ಣವರಿದ್ದಾಗ ಬೆರಗಾಗಿದ್ದೀವಿ.

ಅಲ್ಲೂ ಕ್ರಮ ಅದೇ. ಮೊದಲು ನೀರು, ಆಮೇಲೆ ಹೂವು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗ ಅವರು ಕೇಂದ್ರ ಸಚಿವರು, ಪ್ರಧಾನಿಯಾದದ್ದು ಮುಂದಿನ ತಿಂಗಳು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ನಡುವೆ 42 ವರ್ಷ.

ಆ ನೀರು ನಿಂತ ಜಾಗದಾಗ ಊರುಗಳಿದ್ದವು ಅನ್ನೋದನ್ನ ಮರೀಬಾರದು. ಕೃಷ್ಣೆ, ಘಟಪ್ರಭೆ ದಂಡೆಯ ಎಷ್ಟೋ ಹಳ್ಳಿ, ಹಳೆ ಬಾಗಲಕೋಟೆಯ ಭಾಗ ಹಿನ್ನೀರಿಗೆ ಸಿಕ್ಕವು. ಸರ್ಕಾರ ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕ ಹಾಕಿತು. ಪುನರ್ವಸತಿ ಅಂದ್ರ ಅಳತೆ ಮಾಡಿದ ಪ್ಲಾಟು. ತಲೆತಲಾಂತರದಿಂದ ತಿಪ್ಪಿ ಗೊಬ್ಬರ ತಿಂದು ಮೆತ್ತಗಾದ ಹಿತ್ತಲದ ಮಣ್ಣು, ಅಜ್ಜ ಹಚ್ಚಿದ ಹುಣಸಿ ಗಿಡದ ನೆರಳು ಯಾವ ಪ್ಲಾಟಿಗೂ ಬರಲಿಲ್ಲ. ಒಂದು ದೊಡ್ಡ ತೋಟದ ಹಿಂದ ಸಾವಿರಾರು ಸಣ್ಣ ಹಿತ್ತಲ ಮುಳುಗ್ಯಾವ. ಆಲಮಟ್ಟಿ ಬ್ಯಾಡಾಗಿತ್ತು ಅಂತ ನಾ ಹೇಳ್ತಿಲ್ಲ. ನಮ್ಮ ಕಡೆ ಹೊಲಕ್ಕೆ, ನಳಕ್ಕೆ ಬರುವ ನೀರಿನ ಹಿಂದ ಆ ಜನ ಇದ್ದಾರ. ಅದಕ್ಕೇ ನಮಗ ಉಳಿದ ಹಿತ್ತಲವನ್ನ ಕಾಂಕ್ರೀಟಿನಿಂದ ಮುಚ್ಚೋದು ನನಗ ಹಗುರ ವಿಷಯ ಅನ್ನಿಸೋದಿಲ್ಲ.

2016ರಲ್ಲಿ ವಿಜಯಪುರ ಜಿಲ್ಲೆಯಾಗ ಕೋಟಿ ವೃಕ್ಷ ಅಭಿಯಾನ ಶುರುವಾಯ್ತು. ಆಗ ಜಿಲ್ಲೆಯ ಅರಣ್ಯ ಶೇ 0.17 ಅಂತ ಪತ್ರಿಕೆಗಳಾಗ ಬರ್ತಿತ್ತು. ನೂರು ಎಕರೆಗೆ ಕಾಲು ಎಕರೆಯೂ ಇಲ್ಲ. ಕಾಡೇ ಇಲ್ಲದ ಜಿಲ್ಲೆಯಾಗ ಮನೆ ಹಿಂದಿನ ಮರಗಳೇ ನಮ್ಮ ಕಾಡು.

ಭಾಗ 8/10: 1,120 ಕೊಡ

ಈಗ ಲೆಕ್ಕ. ನಮ್ಮ ಹಿತ್ತಲ 20 ಅಡಿ ಉದ್ದ, 15 ಅಡಿ ಅಗಲ. 300 ಚದರ ಅಡಿ, ಸುಮಾರು 28 ಚದರ ಮೀಟರ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರ ಒಂದು ಲೀಟರ್ ನೀರು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಅಂತ ಹಿಡಿದ್ರ 28 ಗುಣಿಸು 600, ಅಂದ್ರ 16,800 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಅಂದ್ರ 1,120 ಕೊಡ. ಇಷ್ಟು ನೀರು ಪ್ರತಿ ವರ್ಷ ನಮ್ಮ ಫರಸಿ ಮೇಲೆ ಬಿದ್ದು, ಬಹುತೇಕ ಜಾರಿ ಗಟಾರಕ್ಕೆ ಹೋಗ್ತದ. ಬ್ಯಾಸಗ್ಯಾಗ ನಾವೇ ಟ್ಯಾಂಕರ್ ದಾರಿ ಕಾಯ್ತೀವಿ.

ಎರಡನೇ ಲೆಕ್ಕ ಬಿಸಿದು. ಏಪ್ರಿಲ್, ಮೇ ತಿಂಗಳಾಗ ಇಲ್ಲಿ ಬಿಸಿಲು 40 ಡಿಗ್ರಿ ದಾಟತದ. ಕಲ್ಲು ಹಗಲೆಲ್ಲಾ ಬಿಸಿ ಕುಡಿದು ರಾತ್ರಿ ಹೊರಗ ಬಿಡತದ. ಆಯಿ ಮಲಗುವ ಕೋಣೆಯ ಕಿಡಕಿ ಹಿತ್ತಲದ ಕಡೆ ಐತಿ. ರಾತ್ರಿ ಹನ್ನೊಂದಕ್ಕೂ ಅಲ್ಲಿಂದ ಬರುವ ಗಾಳಿ ಹೆಂಚಿನ ಮೇಲಿಂದ ಬಂದಂಗ ಇರ್ತದ. ಮೇ ತಿಂಗಳಾಗ ಆಕಿ ಹಾಸಿಗೆ ಎತ್ತಿಕೊಂಡು ಮುಂದಿನ ಕಟ್ಟಿಗೆ ಬರ್ತಾಳ. ವಯಸ್ಸಾದವರಿಗೆ ನಿದ್ದಿ ಕೆಡೋದು ಸಣ್ಣ ಮಾತಲ್ಲ. ಮರ ಬರೇ ನೆರಳು ಕೊಡೋದಿಲ್ಲ. ಬೇರಿನಿಂದ ಎಳೆದ ನೀರನ್ನ ಎಲೆಯಿಂದ ಆವಿ ಮಾಡಿ ಬಿಡುವಾಗ ಸುತ್ತಿನ ಬಿಸಿ ಎಳಕೋತದ. ಮಣ್ಣಿನ ಹರವಿಯಾಗ ನೀರು ತಂಪಾಗೋದೂ ಇದೇ ರೀತಿ.

ಈ ಯೋಚನೆ ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಾಗ 2008ರಿಂದ ‘ಡಿಪೇವ್’ ಅನ್ನುವ ಸಂಘ ಡಾಂಬರು, ಕಾಂಕ್ರೀಟ್ ಕಿತ್ತು ಮಣ್ಣು ತೆರೆಯುವ ಕೆಲಸ ಮಾಡ್ತದ. ನೆದರ್‌ಲ್ಯಾಂಡ್ಸ್‌ನಾಗ ಊರು ಊರಿಗೆ ಪಂದ್ಯನೇ ನಡೀತದ, ಯಾರು ಜಾಸ್ತಿ ಹಾಸುಗಲ್ಲು ಎತ್ತಿ ಗಿಡ ಹಚ್ಚತಾರ ಅಂತ. ಲಕ್ಷಗಟ್ಟಲೆ ಕಲ್ಲು ಎತ್ಯಾರ. ಮಳೆ ಹೆಚ್ಚಿರುವ ದೇಶದವರು ಪ್ರವಾಹ ಅಂತ ಕಲ್ಲು ಎತ್ತತಾರ. ಮಳೆ ಕಮ್ಮಿ ಇರುವ ನಮಗ ಕಾರಣ ಇನ್ನೂ ದೊಡ್ಡದೈತಿ.

ಭಾಗ 9/10: ಕಲ್ಲು ಎತ್ತುವ ಕ್ರಮ

ಸೇವ್ ಮಾಡಿಟ್ಟುಕೊಳ್ಳುವ ಭಾಗ ಇದು. ನಮ್ಮ ಮಣ್ಣಿಗೆ ತಕ್ಕಂಗ ಬರೆದೀನಿ.

ಮೊದಲು ಗೌಂಡಿಯನ್ನ ಕರೆದು ಪೈಪ್, ಸಂಡಾಸದ ಗುಂಡಿ ಎಲ್ಲಿ ಅದಾವ ಅಂತ ಗುರುತು ಮಾಡಿಸ್ರಿ. ಮನೆ ಗ್ವಾಡಿಯಿಂದ ಮೂರು ಅಡಿ ಜಾಗದ ಕಲ್ಲು ತೆಗೀಬ್ಯಾಡ್ರಿ. ಎರಿ ಮಣ್ಣು ನೀರು ಕುಡಿದು ಉಬ್ಬತದ, ಬುನಾದಿ ಹತ್ತಿರ ಉಬ್ಬಿದ್ರ ಗ್ವಾಡಿ ಬಿರೀತದ. ಉಳಿದ ಕಲ್ಲು ಒಮ್ಮೆಲೇ ಎತ್ತಬ್ಯಾಡ್ರಿ, ಬಿಸಿಲು ಕಮ್ಮಿ ಬೀಳುವ ಕಡೆಯಿಂದ ಒಂದು ಪಟ್ಟಿ ಶುರು ಮಾಡ್ರಿ.

ಕಲ್ಲು ಎತ್ತುವಾಗ ಬೂಟು ಇರಲಿ. ಹಾರಿ ಹಾಕಿ ಕಲ್ಲಿನ ಆ ಕಡೆ ಅಂಚು ಮೊದಲು ಏಳುವಂಗ ಎತ್ತರಿ. ಕೆಳಗ ಚೇಳಿದ್ರ ಅದು ನಿಮ್ಮಿಂದ ದೂರ ಓಡತದ. ಬರೇ ಕೈ ಹಾಕಬ್ಯಾಡ್ರಿ. ಮುರಿಯದ ಹಾಸುಗಳನ್ನ ಬದಿಗಿಡ್ರಿ, ನಡುವೆ ನಡೆಯುವ ದಾರಿಗೆ ಬೇಕು. ಕೆಸರಿನ ಪ್ರಶ್ನೆಗೆ ಉತ್ತರ ಆ ದಾರಿ. ಚೇಳಿನ ಪ್ರಶ್ನೆಗೆ ಉತ್ತರ: ಕಲ್ಲಿನ ರಾಶಿ, ಕಟ್ಟಿಗೆ ರಾಶಿ ಹಿತ್ತಲದಾಗ ಬಿಡಬ್ಯಾಡ್ರಿ. ಚೇಳು ಇರೋದು ಸಂದಿಯಾಗ, ಗಿಡದಾಗಲ್ಲ.

ಕಲ್ಲಿನ ಕೆಳಗ ಸುಣ್ಣದ ಗಾರೆ, ಸಿಮೆಂಟಿನ ಚೂರು ಸಿಗ್ತಾವ. ಎಲ್ಲಾ ಆರಿಸಿ ತೆಗೀರಿ. ಸುಣ್ಣ ಜಾಸ್ತಿ ಆದ್ರ ಗಿಡ ಮಣ್ಣಿನೊಳಗಿನ ಕಬ್ಬಿಣ ಎಳಕೊಳ್ಳೋದಿಲ್ಲ. ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳೀತದ. ಅದಕ್ಕೆ ಜನ ನೀರು ಹಾಕ್ತಾರ, ಗಿಡಕ್ಕೆ ಬೇಕಾದದ್ದು ಅದಲ್ಲ.

ಆಮೇಲೆ ನೀರಿನ ಪರೀಕ್ಷೆ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲಿಕ್ಕೆ ಬಿಡ್ರಿ. ಮತ್ತೊಮ್ಮೆ ತುಂಬ್ರಿ. ಎರಡನೇ ಸಲದ ನೀರು ಮರುದಿನಕ್ಕೂ ನಿಂತಿದ್ರ ಮಣ್ಣು ಬಿಗಿದೈತಿ. ವರ್ಷಗಟ್ಟಲೆ ಗಾಳಿ, ಎರೆಹುಳು, ಸೊಪ್ಪು ಕಾಣದ ಮಣ್ಣು ಹಂಗೇ ಇರ್ತದ. ಒಣ ಇದ್ದಾಗಲೇ ಒಂದೂವರೆ ಅಡಿ ಸಡಿಲ ಮಾಡ್ರಿ. ಹಸಿ ಎರಿ ಮಣ್ಣು ಅಗೆದ್ರ ಒಣಗಿದ ಮೇಲೆ ಇಟ್ಟಂಗಿ ಆಗತದ. ಚೆನ್ನಾಗಿ ಕೊಳೆತ ತಿಪ್ಪಿ ಗೊಬ್ಬರ ಸೇರಿಸ್ರಿ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡ್ರ ಸವಳು ಅಂತ ಅರ್ಥ. ಡೋಣಿ ಸಾಲಿನವರಿಗೆ ಸವಳು ನೀರು ಹೊಸದಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಮಳೆ ನೀರು ಇಳಿಯುವಂಗ ಮಾಡ್ರಿ.

ಮೊದಲ ಬೆಳೆ ಹೂವಲ್ಲ, ಸಣಬು. ಮೊದಲ ಮಳೆಗೆ ಬಿತ್ತಿ, ಹೂವಾಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಮಣ್ಣಿಗೆ ಮುಚ್ಚರಿ. ಅದರ ಬೇರು ಮಣ್ಣು ಸೀಳತದ, ಅದರ ಸೊಪ್ಪು ಗೊಬ್ಬರ ಆಗತದ. ಆಮೇಲೆ ಗ್ವಾಡಿಯಿಂದ ದೂರ ನುಗ್ಗೆ, ಕರಿಬೇವು, ದಾಳಿಂಬೆ. ದಾರಿ ಪಕ್ಕ ದುಂಡು ಮಲ್ಲಿಗೆ, ಪುಂಡಿಪಲ್ಯ. ಇಂಡಿ ನಿಂಬೆ ನಮ್ಮ ಜಿಲ್ಲೆಯ ಹೆಮ್ಮೆ, ಆದ್ರ ನಿಂಬೆಗೆ ಸವಳು ಆಗೋದಿಲ್ಲ. ಮಣ್ಣು ಸುಧಾರಿಸಿದ ಮೇಲೆ ಎರಡನೇ ವರ್ಷ ಹಚ್ಚರಿ. ನೆಲದ ಮೇಲೆ ಜೋಳದ ಕಣಕಿ ಹಾಸ್ರಿ. ಬಿಸಿಲು ಮಣ್ಣಿಗೆ ಬಡಿಯಬಾರದು.

ಭಾಗ 10/10: ಹದಿನೆಂಟು ಹಾಸು

ಮೇಲಿನದೆಲ್ಲ ಹಾಳೆ ಮೇಲೆ ಬರೆದು ಅಪ್ಪನ ಮುಂದ ಇಟ್ಟೆ. ಅವರು ಅಂಗಡಿ ಲೆಕ್ಕ ನೋಡಿದಂಗ ಒಂದೊಂದೇ ಸಾಲು ನೋಡಿದರು. ‘ಕಲ್ಲು ಆಸ್ತಿ ಇದ್ದಂಗ, ಸವೆಯೋದಿಲ್ಲ. ಗಿಡ ಖರ್ಚು’ ಅಂದರು. ಬಿಕಾಂ ಓದಿದ್ದಕ್ಕ ಒಂದು ಉತ್ತರ ಸಿಕ್ಕಿತು. ಸವಕಳಿ ಅನ್ನೋದು ಕಣ್ಣಿಗೆ ಕಂಡದ್ದಕ್ಕ ಮಾತ್ರ ಹಾಕೋದಲ್ಲ. ಕಲ್ಲು ಸವೆದಿಲ್ಲ, ಅದರ ಕೆಳಗಿನ ಮಣ್ಣು ಸವೆದೈತಿ. ಪ್ರತಿ ವರ್ಷ 1,120 ಕೊಡ ನೀರು ಹೊರಗ ಹೋಗೈತಿ. ಇದನ್ನ ಯಾವ ಖರ್ಚಿನ ಸಾಲಿಗೆ ಬರೀಬೇಕು ಅಂತ ಕೇಳಿದೆ. ಅಪ್ಪ ನಕ್ಕರು, ಒಪ್ಪಲಿಲ್ಲ.

ಒಪ್ಪಿಸಿದ್ದು ಆಯಿ. ‘ಎಲ್ಲಾ ತೆಗೀಬ್ಯಾಡಪಾ, ನುಗ್ಗೆ ಇದ್ದ ಜಾಗಾ ಒಂದು ತೆಗಿ. ಗಿಡ ಬಂದ್ರ ಬರ್ಲಿ, ಬರಲಿಲ್ಲ ಅಂದ್ರ ಕಲ್ಲು ಎಲ್ಲಿಗೂ ಓಡಿ ಹೋಗೋದಿಲ್ಲ’ ಅಂದಳು. ಈ ಮಾತಿಗೆ ಅಪ್ಪನ ಕಡೆ ಉತ್ತರ ಇರಲಿಲ್ಲ. ಕಾಂಕ್ರೀಟ್ ಒಮ್ಮೆ ಬಿದ್ದರ ತೆಗೆಯೋದು ಕಷ್ಟ. ಫರಸಿ ಎತ್ತಬಹುದು, ಮತ್ತೆ ಹಾಸಲೂಬಹುದು. ಸುಣ್ಣದ ಗಾರೆಯಾಗ ಕಲ್ಲು ಕೂಡಿಸಿದ ಹಳೆ ಗೌಂಡಿಗಳು ನಮಗ ಈ ಒಂದು ಅವಕಾಶ ಬಿಟ್ಟು ಹೋಗ್ಯಾರ. ಅದನ್ನ ಸಿಮೆಂಟಿನಿಂದ ಮುಚ್ಚೋದಕ್ಕಿಂತ ಮೊದಲು ಒಮ್ಮೆ ಬಳಸಿ ನೋಡಬೇಕು ಅನ್ನೋದು ಈ ಇಡೀ ಸರಣಿಯ ಮಾತು.

ಒಪ್ಪಂದ ಹಿಂಗಾಗೈತಿ. ಈ ಮಳೆಗಾಲಕ್ಕೆ ಹದಿನೆಂಟು ಹಾಸು ಎತ್ತೋದು. ಗ್ವಾಡಿ ಕಡೆ ಮೂರು ಅಡಿ ಮತ್ತು ಬಚ್ಚಲದ ದಾರಿ ಹಂಗೇ ಬಿಡೋದು. ಉಳಿದ ಫರಸಿ ಮೇಲೆ ಬಿದ್ದ ಮಳೆ ನೀರು ಗಟಾರಕ್ಕೆ ಹೋಗದೆ ತೆರೆದ ಮಣ್ಣಿನ ಕಡೆ ಇಳಿಯುವಂಗ ಗೌಂಡಿ ಒಂದು ಸಣ್ಣ ಇಳಿಜಾರು ಮಾಡಿಕೊಡೋದು. ನೀರಿನ ದಾರಿ ನೋಡಿಕೊಳ್ಳುವ, ತೂಬಿನ ಕಸ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದೈತಿ. ಹಂಗಾಗಿ ಪರೀಕ್ಷೆ ಇದ್ದರೂ ಮಳೆ ಬಂದ ದಿನ ನಾ ಹಿತ್ತಲದಾಗ ಇರಬೇಕು. ಎರಡು ಬ್ಯಾಸಗಿ ನೋಡಿ, ಗಿಡ ನಿಂತರ ಮುಂದಿನ ಪಟ್ಟಿ ಎತ್ತೋದು ಅಂತ ಅಪ್ಪ ಮಾತು ಕೊಟ್ಟಾರ.

ನಿಮ್ಮ ಮನೆಯಾಗ ಹಳೆ ಫರಸಿ ಹಿತ್ತಲ ಇದ್ದರ ಒಂದು ಕೆಲಸ ಮಾಡ್ರಿ. ಮನೆಯ ಹಿರಿಯರನ್ನ ಅಲ್ಲಿ ನಿಲ್ಲಿಸಿ, ಯಾವ ಗಿಡ ಎಲ್ಲಿತ್ತು, ಬಚ್ಚಲ ನೀರು ಯಾವ ಕಡೆ ಹರೀತಿತ್ತು ಅಂತ ಕೇಳ್ರಿ. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಫೋಟೋ ತೆಗೀರಿ. ಕಲ್ಲು ಎತ್ತತೀರೋ ಬಿಡತೀರೋ ಆಮೇಲಿನ ಮಾತು. ಆ ನಕ್ಷೆ ಅವರ ತಲಿಯಾಗ ಮಾತ್ರ ಐತಿ, ಅವರು ಇರೋತನಕ ಮಾತ್ರ ಸಿಗ್ತದ. ಫೋಟೋ ಹಾಕಿ ನನ್ನ ಟ್ಯಾಗ್ ಮಾಡ್ರಿ.

#ತಾಳಿಕೋಟೆ #ಹಿತ್ತಲ #ಫರಸಿ #ನಮ್ಮೂರ_ಇತಿಹಾಸ #ವಿಜಯಪುರ